ಅಂಚೆಯವನ ಕೋಟು

ವಿಡಿಯೊ ಗೇಮ್‌ಗಳ ಇಂಗ್ಲಿಷ್ ಸಾಲುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಚಿತ್ರ ಕೊಡುವುದಿಲ್ಲ, ಕಥೆ ಹೇಳುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಸಾಲುಗಳು ಬರುತ್ತವೆ, ಅಷ್ಟೇ. ಒಂದು ದಿನ ರಾಜದೂತನ ಮಾತುಗಳ ಕೆಳಗೇ ‘ಕೋಟ್ ಆಫ್ ಮೇಲ್’ ಅಂತ ಇತ್ತು. ದೂತ ಅಂದಮೇಲೆ ಪತ್ರ ತಂದವನು ಅಲ್ವಾ? ‘ಅಂಚೆಯವನ ಕೋಟು’ ಎಂದು ಬರೆದು ಮುಂದೆ ಹೋದೆ.

ಗೇಮ್ ಆಡಿ ತಪ್ಪು ಹುಡುಕುವ ಹುಡುಗಿ ಸ್ಕ್ರೀನ್‌ಶಾಟ್ ಕಳಿಸಿದಳು. ಮೊಣಕಾಲಿನವರೆಗೆ ಕಬ್ಬಿಣದ ಉಂಗುರಗಳ ಅಂಗಿ ತೊಟ್ಟ ಸವಾರ, ಕೈಯಲ್ಲಿ ಈಟಿ. ‘ಸರ್, ಇವನು ಯಾವ ಪೋಸ್ಟ್ ಆಫೀಸಿನವನು?’

ನಾಚಿಕೆಯಾಯಿತು. ಆಮೇಲೆ ಕೂತು ಹುಡುಕಿದೆ. ಇಂಗ್ಲಿಷಿನಲ್ಲಿ ಎರಡು ‘ಮೇಲ್’ ಇವೆ. ಎರಡೂ ಹಳೆಯ ಫ್ರೆಂಚಿನಿಂದ ಬಂದವು, ಆದರೆ ಸಂಬಂಧಿಕರಲ್ಲ. ಅಂಚೆಯ ಮೇಲ್ ಮೂಲದಲ್ಲಿ ಚೀಲ. ಪತ್ರ ತುಂಬುವ ಚೀಲದ ಹೆಸರು ಪತ್ರಗಳಿಗೇ ಅಂಟಿಕೊಂಡಿತು. ಕವಚದ ಮೇಲ್, ಅಂದರೆ ಆ ಸವಾರನ ಉಂಗುರಗಳ ಅಂಗಿಯದು, ಬಂದದ್ದು ಇಂದಿನ ಫ್ರೆಂಚರು ‘ಮಾಯ್’ ಎನ್ನುವ ಪದದಿಂದ. ಅದರ ಹಿಂದೆ ಲ್ಯಾಟಿನ್ನಿನ ‘ಮಕುಲಾ’ ಇದೆ: ಕಲೆ, ಚುಕ್ಕೆ, ಬಲೆಯ ಕಣ್ಣು. ಫ್ರಾನ್ಸಿನಲ್ಲಿ ಸ್ವೆಟರ್ ಹೆಣೆಯುವವರು ಈಗಲೂ ಒಂದೊಂದು ಕುಣಿಕೆಗೆ ‘ಮಾಯ್’ ಅಂತಲೇ ಹೇಳುತ್ತಾರೆ.

ಅಂದರೆ ಅದು ಹೆಣಿಗೆ. ಸಾಮಾನ್ಯವಾಗಿ ಒಂದು ಉಂಗುರ ಅಕ್ಕಪಕ್ಕದ ನಾಲ್ಕು ಉಂಗುರಗಳೊಳಗೆ ತೂರಿರುತ್ತದೆ. ತುದಿಗಳನ್ನು ಚಪ್ಪಟೆ ಮಾಡಿ ಪುಟ್ಟ ರಿವೆಟ್ ಹೊಡೆಯುತ್ತಾರೆ. ಈ ಕವಚಕ್ಕೆ ಇಂಗ್ಲಿಷಿನಲ್ಲಿ ‘ಚೈನ್ ಮೇಲ್’ ಅಂತಲೂ ಹೇಳುತ್ತಾರೆ, ಅದರಲ್ಲಿನ ‘ಚೈನ್’ ಎಷ್ಟೋ ಕಾಲದ ನಂತರ ಸೇರಿದ್ದು. ನನ್ನನ್ನು ಕೇಳಿದರೆ ಜಾಸ್ತಿಯೇ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಫ್ರಾನ್ಸಿನ ಬೇಯೊ ಊರಿನ ಹೆಸರಿನ ಕಸೂತಿಪಟ್ಟಿಯಲ್ಲಿ ಹೊಲಿದಿದ್ದಾರೆ, ಉದ್ದ ಸುಮಾರು 70 ಮೀಟರ್. ಅದರಲ್ಲಿ ಹಡಗಿಗೆ ಸಾಮಾನು ತುಂಬುವಾಗ ಈ ಅಂಗಿಗಳ ತೋಳುಗಳೊಳಗೆ ಕೋಲು ತೂರಿಸಿ, ಒಂದೊಂದನ್ನು ಇಬ್ಬಿಬ್ಬರು ಹೊತ್ತು ಹೋಗುತ್ತಾರೆ. ಕೆಳಗಿನ ಅಂಚಿನಲ್ಲಿ ಸತ್ತವರ ಮೈಯಿಂದ ಅದನ್ನೇ ಕಳಚಿಕೊಳ್ಳುತ್ತಿದ್ದಾರೆ. ಅಷ್ಟು ಬೆಲೆಯ ವಸ್ತು.

ಈಗ ಕನ್ನಡದಲ್ಲಿ ಏನೆನ್ನುವುದು? ನಮ್ಮ ಹಳೆಯ ಕಾವ್ಯಗಳಲ್ಲಿ ಕವಚಕ್ಕೆ ‘ಜೋಡು’ ಎಂಬ ಮಾತಿದೆ. ಅದನ್ನೇ ಹಾಕಿದೆ. ‘ಸರ್, ಚಪ್ಪಲಿಯಾ?’ ಅಂದಳು. ಸರಿ, ತೆಗೆದೆ. ‘ಸರಪಳಿ ಕವಚ’ ಬರೆಯಲು ಮನಸ್ಸಾಗಲಿಲ್ಲ, ಅಲ್ಲಿ ಸರಪಳಿಯೇ ಇಲ್ಲವಲ್ಲ. ಕೊನೆಗೆ ‘ಬಲೆಗವಚ’ ಅಂದೆ. ಈಗ ಹೊಸ ಹಾಳೆ ಬಂದರೆ ಮೊದಲು ಚಿತ್ರ ಕೇಳುತ್ತೇನೆ. ಬೈದುಕೊಂಡಾದರೂ ಕಳಿಸುತ್ತಾರೆ.

ಧ್ವನಿ ಕೊಡುವ ಕಲಾವಿದರು ಮೈಕಿನ ಮುಂದೆ ಅದನ್ನು ‘ಬಳೆಗವಚ’ ಎಂದು ಓದಿಬಿಟ್ಟರು. ಉಂಗುರಗಳದ್ದೇ ತಾನೆ! ಇನ್ನೊಂದು ಟೇಕ್ ಕೇಳಲಿಲ್ಲ. ಹಾಳೆಯಲ್ಲೇ ಲ ತೆಗೆದು ಳ ಮಾಡಿದೆ.