ಚೆಂಡು ಮುಟ್ಟದ ಕೆಲಸ

ಊಟ ಆದ್ಮೇಲೆ ಫೋನ್ ತೆಗೆದರೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೋರ್ಡನ್ ಮೈಲಾಟನ ಹಳೇ ವಿಡಿಯೋ. ಸೌತ್ ಸಿಡ್ನಿ ರಾಬಿಟೋಸ್ ಜೂನಿಯರ್ ತಂಡದಲ್ಲಿ ರಗ್ಬಿ ಲೀಗ್ ಆಡ್ತಿದ್ದ ದಿನಗಳದ್ದು.

ಚೆಂಡು ಕಂಕುಳಲ್ಲಿ ಇಟ್ಕೊಂಡು ನುಗ್ತಾನೆ. ಅಡ್ಡ ಬಂದವರೆಲ್ಲ ಚೆಲ್ಲಾಪಿಲ್ಲಿ.
ಆರಡಿ ಎಂಟಿಂಚಿನ ಆಳು, ಪಾಪ, ಅವರಾದ್ರೂ ಏನ್ ಮಾಡ್ತಾರೆ!

2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಇವನನ್ನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋದು) ಆರಿಸಿಕೊಂಡಾಗ ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡಿರಲಿಲ್ಲ ಪುಣ್ಯಾತ್ಮ. ಏಳನೇ ಸುತ್ತು, 233ನೇ ಹೆಸರು. ಕೊಟ್ಟ ಕೆಲಸ ಟ್ಯಾಕಲ್. ರಗ್ಬಿಯಲ್ಲಿ ಟ್ಯಾಕಲ್ ಅಂದ್ರೆ ಚೆಂಡು ಹಿಡಿದವನನ್ನ ಕೆಡವೋದು. ಹೆಸರು ನೋಡಿ ಮೋಸ ಹೋಗ್ಬೇಡಿ, ಇಲ್ಲಿ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳೋಕೆ ಬರೋರನ್ನ ತಡೆದು ನಿಲ್ಲಿಸೋದಷ್ಟೇ. ಚೆಂಡಿನ ಗೊಡವೆಯೇ ಇಲ್ಲ.

ರಗ್ಬಿ ಲೀಗ್‌ನಲ್ಲಿ ಚೆಂಡಿಲ್ಲದವನಿಗೆ ಅಡ್ಡ ಹೋದರೆ ಪೆನಾಲ್ಟಿ.
ಇಲ್ಲಿ ಅದಕ್ಕೇ ಸಂಬಳ!

ಚಿಕ್ಕಂದಿನಿಂದ ಮುಂದಕ್ಕೆ ನುಗ್ಗಿ ಅಭ್ಯಾಸವಾದ ಕಾಲಿಗೆ ಹಿಂದೆ ಹಿಂದೆ ಹೆಜ್ಜೆ ಹಾಕೋದನ್ನ ಕಲಿಸಬೇಕು. ಮೊದಲೆರಡು ಸೀಸನ್ ಒಂದು ಲೀಗ್ ಪಂದ್ಯಕ್ಕೂ ಇಳಿಯಲಿಲ್ಲ. 2020ರಲ್ಲಿ ಇಳಿದ. 2025ರ ಫೆಬ್ರವರಿಯಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ 40-22, ಸೂಪರ್ ಬೌಲ್, ಅಂದ್ರೆ ಲೀಗ್‌ನ ಫೈನಲ್, ಇವನ ತಂಡದ್ದು.

ಕಪ್ ಬಿಡಿ, ನನಗೆ ಕುತೂಹಲ ಬೇರೆ. ಕಾಲಬುಡದಲ್ಲೇ ಚೆಂಡು ಬಿದ್ದಾಗ ಎತ್ಕೊಂಡು ಓಡಿಬಿಡೋಣ ಅಂತ ಒಂದ್ಸಲವಾದ್ರೂ ಅನ್ನಿಸಿರಲ್ವಾ ಅವನಿಗೆ?