ಆಲ್ಟೊಗೆ ಕಣ್ಣು ಬಂದ ಕಥೆ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೈ ತೊಳೆಯುವಾಗ ಗಂಟೆ ಏಳೂಮುಕ್ಕಾಲು. ಜುಲೈ ತಿಂಗಳು. ಮಳೆ ಜೋರಾಗಿರಲಿಲ್ಲ, ಆದರೆ ಮಂಜು ಹೋಟೆಲಿನ ಬಾಗಿಲವರೆಗೂ ಬಂದು ನಿಂತಿತ್ತು. ಮರುದಿನ ಬೆಳಗ್ಗೆ ಉಜಿರೆಯಲ್ಲಿ ಅಣ್ಣನ ಮಗನ ಉಪನಯನ. ಹಾಸನದಲ್ಲಿ ಆಫೀಸು ಮುಗಿಸಿ ಹೊರಟಿದ್ದೇ ತಡ. ಚಾರ್ಮಾಡಿ ಘಾಟಿ ಇಳಿಯದೆ ಬೇರೆ ದಾರಿ ಇರಲಿಲ್ಲ.

ಮೊದಲ ತಿರುವಿನಲ್ಲೇ ಗೊತ್ತಾಯಿತು, ನನಗೆ ರಸ್ತೆ ಕಾಣುತ್ತಿಲ್ಲ ಅಂತ. ಡಿಮ್ ಹಾಕಿದರೆ ಬಾನೆಟ್ಟಿನ ಮುಂದೆ ಹತ್ತು ಹೆಜ್ಜೆ ದೂರಕ್ಕೆ ಬುಡ್ಡಿ ದೀಪದಂಥ ಹಳದಿ ಬೆಳಕು. ಬ್ರೈಟ್ ಹಾಕಿದರೆ ಇನ್ನೂ ಕಷ್ಟ, ಮಂಜು ಬಿಳಿ ಪರದೆಯಾಗಿ ಕಣ್ಣಿಗೇ ಬಂದು ಬಡಿಯುತ್ತಿತ್ತು. ಹೆಂಡತಿ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ, "ಎಡಕ್ಕೆ ಇನ್ನೂ ಜಾಗ ಇದೆ ರೀ, ಬನ್ನಿ... ಸಾಕು ಸಾಕು, ಚರಂಡಿ" ಅನ್ನುತ್ತಾ ಬಂದಳು. ಅರ್ಧ ದಾರಿಯಲ್ಲಿ ಒಂದು ಬಸ್ಸು ಸಿಕ್ಕಿತು. ಅದರ ಹಿಂದಿನ ಕೆಂಪು ದೀಪ ಹಿಡಿದುಕೊಂಡು ಬಾಲದ ಹಾಗೆ ಇಳಿದೆ. ಅಣ್ಣಪ್ಪನ ಗುಡಿ ಹತ್ತಿರ ಬಸ್ಸು ನಿಂತಾಗ ನಾವೂ ನಿಂತೆವು. ಹೆಂಡತಿ ಕಾಣಿಕೆ ಹಾಕಿ ಬಂದು, "ದೇವರಿಗೆ ಹೇಳಿದ್ದೀನಿ. ಇನ್ನು ನೀವೂ ಲೈಟಿಗೆ ಏನಾದರೂ ಮಾಡಿಸಿ" ಅಂದಳು.

ನಮ್ಮದು 2008ರ ಆಲ್ಟೊ. ಇಂಜಿನ್ ಇವತ್ತಿಗೂ ಗುಂಡುಕಲ್ಲು. ಮಾರುವ ಯೋಚನೆ ಇಲ್ಲ. ಹಗಲು ಓಡಿಸುವಾಗ ಏನೂ ತೊಂದರೆಯಿಲ್ಲ. ಕತ್ತಲಾದರೆ ಮಾತ್ರ ಗಾಡಿಗೂ ನನಗೂ ಇಬ್ಬರಿಗೂ ವಯಸ್ಸಾಗಿದೆ ಅನ್ನೋದು ನೆನಪಾಗುತ್ತದೆ.

ವಾಪಸ್ ಬಂದ ವಾರವೇ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಫೋನಿನಲ್ಲಿ ಹುಡುಕಿ 1,800 ರೂಪಾಯಿಗೆ ಒಂದು ಜೊತೆ ಎಲ್‌ಇಡಿ ಬಲ್ಬು ತರಿಸಿದೆ. ಡಬ್ಬದ ಮೇಲೆ 20,000 ಲುಮೆನ್ ಅಂತ ದಪ್ಪ ಅಕ್ಷರ. ಲುಮೆನ್ ಅಂದರೆ ಬೆಳಕಿನ ಅಳತೆ. ಗಾಡಿಯಲ್ಲಿ ಮೊದಲಿನಿಂದ ಇದ್ದ, ಎಚ್4 ಅನ್ನೋ ಹಾಲೊಜೆನ್ ಬಲ್ಬಿನ ಲೆಕ್ಕ ಬ್ರೈಟಿನಲ್ಲಿ 1,650 ಲುಮೆನ್, ಡಿಮ್ಮಿನಲ್ಲಿ 1,000 ಅಂತ ಆಮೇಲೆ ಓದಿದೆ. ಕಂಪನಿ ಗಾಡಿಯಲ್ಲಿ ಇಲ್ಲದ್ದನ್ನು ಅಷ್ಟು ಕಡಿಮೆ ದುಡ್ಡಿಗೆ ಇಪ್ಪತ್ತು ಪಟ್ಟು ಕೊಡುತ್ತೇನೆ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೇಟಿನ ಮುಂದೆ ಗಾಡಿ ನಿಲ್ಲಿಸಿ ಲೈಟ್ ಹಾಕಿದೆ. ಎದುರು ಮನೆಯ ತೆಂಗಿನ ಮರದ ಗರಿ ಎಣಿಸಬಹುದಿತ್ತು! ಖುಷಿಯಾಯಿತು. ತೆಂಗಿನ ಗರಿ ಕಾಣೋದಕ್ಕೂ ರಸ್ತೆ ಕಾಣೋದಕ್ಕೂ ಸಂಬಂಧವಿಲ್ಲ ಅನ್ನೋದು ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ.

ಎರಡು ವಾರ ರಾಜನ ಹಾಗೆ ಓಡಾಡಿದೆ. ಎದುರಿಗೆ ಬಂದವರೆಲ್ಲ ಲೈಟ್ ಮಿಣುಕಿಸುತ್ತಿದ್ದರು. "ನಾನು ಡಿಮ್ಮಲ್ಲೇ ಇದ್ದೀನಲ್ಲಪ್ಪ" ಅಂತ ಅವರನ್ನೇ ಬೈದುಕೊಂಡೆ. ಬೇಲೂರು ರಸ್ತೆಯಲ್ಲಿ ಒಂದು ರಾತ್ರಿ ಮಳೆ ಬಂತು. ಆ ಬಿಳಿ ಬೆಳಕು ಒದ್ದೆ ಟಾರಿನ ಮೇಲೆ ಬಿದ್ದಿದ್ದೇ ಗೊತ್ತಾಗಲಿಲ್ಲ. ಮರ, ಬೇಲಿ, ಬೋರ್ಡು ಎಲ್ಲ ಕಾಣುತ್ತಿವೆ, ಗುಂಡಿ ಮಾತ್ರ ಕಾಣುತ್ತಿಲ್ಲ.

ಕೊನೆಗೆ ಕಣ್ಣು ತೆರೆಸಿದವರು ನಮ್ಮ ಬೀದಿಗೆ ಹಾಲು ತರುವವರು. ಬೆಳಗಿನ ಐದೂವರೆಗೆ ಮೊಪೆಡ್ಡಿನಲ್ಲಿ ಎರಡು ಕ್ಯಾನು ನೇತುಹಾಕಿಕೊಂಡು ಬರುತ್ತಾರೆ. ನಾನು ವಾರಕ್ಕೆರಡು ದಿನ ಅದೇ ಹೊತ್ತಿಗೆ ಹೊರಡುತ್ತೇನೆ. ಒಂದು ದಿನ ಹಾಲು ಅಳೆಯುತ್ತಾ ಬಹಳ ಸಂಕೋಚದಿಂದ ಹೇಳಿದರು: "ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ಗಾಡಿ ಬಂತು ಅಂದ್ರೆ ನಾನು ಬದಿಗೆ ನಿಲ್ಲಿಸಿ ಕಣ್ಣು ಮುಚ್ಕೊಂಡ್ಬಿಡ್ತೀನಿ. ನೀವು ಹೋದ್ಮೇಲೂ ಸ್ವಲ್ಪ ಹೊತ್ತು ಏನೂ ಕಾಣಲ್ಲ. ಮೊನ್ನೆ ನಾಯಿ ಮೇಲೆ ಹತ್ತಿಸ್ಬಿಡ್ತಿದ್ದೆ."

ನನಗೆ ನಾಚಿಕೆಯಾಯಿತು. ಆ ಸಂಜೆಯೇ ಹೆಂಡತಿಯ ಕೈಗೆ ಸ್ಟಿಯರಿಂಗ್ ಕೊಟ್ಟು, ಬೀದಿಯ ಆ ತುದಿಯಿಂದ ಡಿಮ್ ಹಾಕಿಕೊಂಡು ಬಾ ಅಂದೆ. ನಾನು ಈ ತುದಿಯಲ್ಲಿ ನಿಂತೆ. ಅರ್ಧ ನಿಮಿಷ ನೋಡಿ ಮುಖ ತಿರುಗಿಸಿಕೊಂಡೆ. ಆ ರಾತ್ರಿಯೇ ಎಲ್‌ಇಡಿ ಬಿಚ್ಚಿ ಡಬ್ಬಕ್ಕೆ ಹಾಕಿದೆ.

ಚಿಕ್ಕವನಿದ್ದಾಗ ಲಾರಿ, ಬಸ್ಸುಗಳ ಹೆಡ್‌ಲೈಟಿನ ಗಾಜಿಗೆ ಮೇಲರ್ಧ ಕಪ್ಪು ಬಣ್ಣ ಬಳಿದಿರುತ್ತಿದ್ದುದು ನೆನಪಿದೆ. ಕೆಲವಕ್ಕೆ ನಡುವೆ ಕಾಸಗಲದ ಬೊಟ್ಟು. ನಾವು ಮಕ್ಕಳು ಅದು ಲಾರಿಗೆ ದೃಷ್ಟಿ ತಾಗದಿರಲಿ ಅಂತ ಇಟ್ಟ ಬೊಟ್ಟು ಅಂದುಕೊಂಡಿದ್ದೆವು. ಎದುರಿನವನ ಕಣ್ಣು ಕುಕ್ಕದಿರಲಿ ಅಂತ ಮಾಡಿದ್ದು ಅಂತ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯಿತು. ಕೇಂದ್ರ ಮೋಟಾರು ವಾಹನ ನಿಯಮ 1989ರಲ್ಲೂ ಇದಕ್ಕೊಂದು ಅಳತೆ ಇದೆ: ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಡಿಮ್ ಬೆಳಕು ಕುಕ್ಕಬಾರದು. ಮೊಪೆಡ್ಡಿನ ಮೇಲೆ ಕೂತ ಹಾಲಿನವರ ಕಣ್ಣು ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ.

ಆಮೇಲೆ ಹೋಗಿದ್ದು ನಮ್ಮೂರಿನ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುವುದು. ಅಂಗಡಿ ಅಂದರೆ ಒಂದು ಶೀಟು, ಒಂದು ಬೆಂಚು, ಹಳೇ ಡೈನಮೊಗಳ ಗುಡ್ಡೆ. "ಭಾಯ್, 100-90 ಬಲ್ಬು ಹಾಕಿಬಿಡಿ. ಜಾಸ್ತಿ ವ್ಯಾಟ್ ಆದರೆ ಜಾಸ್ತಿ ಬೆಳಕು ಅಲ್ವಾ?" ಅಂದೆ. ಬ್ರೈಟಿಗೆ 100 ವ್ಯಾಟ್, ಡಿಮ್ಮಿಗೆ 90 ಅಂತ ಲೆಕ್ಕ. ಕಂಪನಿಯದು 60, 55.

ಅವರು ಮಾತಾಡಲಿಲ್ಲ. ಬಾನೆಟ್ ಎತ್ತಿ, ಬಲಗಡೆ ಬಲ್ಬಿನ ಕಪ್ಲರ್, ಅಂದರೆ ಬಲ್ಬಿಗೆ ವೈರು ಸೇರಿಸುವ ಹಿಡಿ, ಕಿತ್ತು ನನ್ನ ಅಂಗೈ ಮೇಲಿಟ್ಟರು. ಬಿಳಿ ಇರಬೇಕಾದ ಪ್ಲಾಸ್ಟಿಕ್ಕು ಚಹಾ ಬಣ್ಣಕ್ಕೆ ತಿರುಗಿತ್ತು. ಮೂರು ಕಿಂಡಿಗಳಲ್ಲಿ ಒಂದರ ಅಂಚು ಕರಗಿ ಜೋತುಬಿದ್ದಿತ್ತು. ಮೂಸಿದರೆ ಸುಟ್ಟ ವಾಸನೆ. "55ಕ್ಕೇ ಹೀಗೆ ಆಗಿದೆ ಸಾರ್. 100 ಹಾಕಿದ್ರೆ ಸ್ವಿಚ್ಚು ಹೋಗುತ್ತೆ, ಇಲ್ಲಾಂದ್ರೆ ವೈರ್ ಸುಡುತ್ತೆ. ಯಾವ್ದು ಬೇಕು ಹೇಳಿ."

ಆಮೇಲೆ ಮೀಟರ್ ತೆಗೆದರು. ಇಂಜಿನ್ ಚಾಲೂ ಇಟ್ಟು, ಲೈಟ್ ಹಾಕಿಸಿ, ಬ್ಯಾಟರಿಗೆ ಮುಳ್ಳು ಮುಟ್ಟಿಸಿದರು: 13.8 ವೋಲ್ಟ್. ಅದೇ ಮುಳ್ಳನ್ನು ಬಲ್ಬಿನ ಕಾಲಿಗೆ ಮುಟ್ಟಿಸಿದರು: 11.7. "ನೋಡಿ. ಎರಡು ವೋಲ್ಟ್ ದಾರೀಲಿ ಖಾಲಿ."

ಆ ಎರಡು ವೋಲ್ಟು ಎಲ್ಲಿಗೆ ಹೋಯಿತು ಅಂತ ಅವರೇ ಬೆರಳಿನಲ್ಲಿ ತೋರಿಸಿದರು. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ಬಾಕ್ಸಿಗೆ, ಅಲ್ಲಿಂದ ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿಗೆ, ಮತ್ತೆ ಮುಂದಕ್ಕೆ ಬಲ್ಬಿಗೆ. ಸಣ್ಣ ವೈರು, ಹದಿನೈದು ವರ್ಷದ ಮಳೆ, ತುಕ್ಕು ಹಿಡಿದ ಅರ್ಥ್. ಒಂದೊಂದು ಜಾಯಿಂಟೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಬಲ್ಬಿನ ವಿಷಯದಲ್ಲಿ ಈ ಲೆಕ್ಕ ಬಹಳ ಕ್ರೂರ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕೂ ಹತ್ತು ಇಳಿಯುವುದಿಲ್ಲ, ಸುಮಾರು ಮೂವತ್ತು ಇಳಿಯುತ್ತದೆ. ಬಲ್ಬಿನ 1,000 ಲುಮೆನ್ ಅನ್ನೋ ಲೆಕ್ಕ 13.2 ವೋಲ್ಟಿಗೆ ಹೇಳಿದ್ದು. ನನ್ನ ಗಾಡಿಯಲ್ಲಿ ಅದರ ಮೂರರಲ್ಲಿ ಎರಡು ಭಾಗವೂ ಬರುತ್ತಿರಲಿಲ್ಲ. ಇಷ್ಟು ವರ್ಷ ಬಲ್ಬನ್ನು ಬೈದೆ. ಪಾಪ, ಅದಕ್ಕೆ ಊಟವೇ ಸರಿಯಾಗಿ ಹೋಗುತ್ತಿರಲಿಲ್ಲ.

ಪರಿಹಾರ ರಿಲೇ ಕಿಟ್. ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟು ಬಿಡುವ ಪುಟ್ಟ ಸ್ವಿಚ್ಚು. ಬ್ಯಾಟರಿಯಿಂದ ಒಂದು ದಪ್ಪ ವೈರು, ಪಕ್ಕದಲ್ಲೇ ಫ್ಯೂಸು, ಅಲ್ಲಿಂದ ರಿಲೇ, ರಿಲೇಯಿಂದ ನೇರ ಬಲ್ಬಿಗೆ. ಹಳೇ ಸ್ವಿಚ್ಚಿನ ಕೆಲಸ ಇನ್ನು ರಿಲೇಗೆ ಸನ್ನೆ ಮಾಡೋದಷ್ಟೇ. ಡಿಮ್ಮಿಗೊಂದು ರಿಲೇ, ಬ್ರೈಟಿಗೊಂದು. ಭಾಯ್ ರಿಲೇಯ ಬುಡದಲ್ಲಿನ ಅಂಕಿಗಳನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರು: "30ಕ್ಕೆ ಬ್ಯಾಟರಿ, 87ಕ್ಕೆ ಬಲ್ಬು, 85-86 ಸ್ವಿಚ್ಚಿಂದು." ಹಳೇ ಕಪ್ಲರ್ ಜಾಗಕ್ಕೆ ಪಿಂಗಾಣಿ ಹೋಲ್ಡರ್ ಬಂತು, ಬಿಸಿಗೆ ಕರಗುವ ಪ್ರಶ್ನೆಯೇ ಇಲ್ಲ. ಅರ್ಥ್ ಕೂರಿಸುವ ಜಾಗದಲ್ಲಿ ಬಾಡಿಯ ಪೇಂಟ್ ಉಜ್ಜಿ ತೆಗೆದು, ಬೋಲ್ಟ್ ಬಿಗಿದು, ಮೇಲೆ ಒಂದಿಷ್ಟು ಗ್ರೀಸ್ ಹಚ್ಚಿದರು. ಬಲ್ಬು ಮಾತ್ರ ಅದೇ ಕಂಪನಿ ಅಳತೆಯ 60/55, ಹೊಸದು. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟಬೇಡಿ ಅಂದರು. ಕೈಯ ಜಿಡ್ಡು ಹತ್ತಿದ ಕಡೆ ಗಾಜು ಜಾಸ್ತಿ ಕಾಯ್ದು ಬೇಗ ಹೋಗುತ್ತದಂತೆ. ಅವರು ಜೇಬಿನ ಕರವಸ್ತ್ರದಲ್ಲಿ ಹಿಡಿದೇ ಹಾಕಿದರು.

ಮತ್ತೆ ಮೀಟರ್. ಈಗ ಬಲ್ಬಿನ ಕಾಲಿನಲ್ಲಿ 13.4. ಭಾಯ್ ನಗಲೂ ಇಲ್ಲ, ಬೀಡಿ ಹಚ್ಚಿದರು ಅಷ್ಟೇ. ಕಿಟ್ಟು, ಬಲ್ಬು, ಕೂಲಿ ಸೇರಿ 1,700 ರೂಪಾಯಿ. ಎಲ್‌ಇಡಿಗೆ ಸುರಿದಿದ್ದಕ್ಕಿಂತ ನೂರು ಕಮ್ಮಿ.

ಎಲ್‌ಇಡಿ ಯಾಕೆ ಹಾಗಾಯಿತು ಅಂತ ಕೇಳಿದೆ. ಹೊಸ ಎಚ್4 ಬಲ್ಬನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಎರಡು ತಂತಿ. ಮುಂದಿನದು ಡಿಮ್ಮಿನದು. ಅದರ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು, ಭತ್ತದ ಸಿಪ್ಪೆಗಿಂತ ಒಂದು ಚೂರು ದೊಡ್ಡದು. ಆ ಬಟ್ಟಲು ಬೆಳಕು ಕೆಳಗೆ ಹೋಗದ ಹಾಗೆ ತಡೆಯುತ್ತದೆ. ಬೆಳಕು ಲ್ಯಾಂಪಿನೊಳಗಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಡಿದು ರಸ್ತೆಗೆ ಬಾಗುತ್ತದೆ. 1971ರಲ್ಲಿ ಬಂದ ಬಲ್ಬಿನೊಳಗೆ ಇಷ್ಟು ಸಣ್ಣ ಜಾಣತನ ಇದೆ! ರಿಫ್ಲೆಕ್ಟರಿನ ಒಂದೊಂದು ಮಡಿಕೆಯೂ ಆ ತಂತಿ ಎಲ್ಲಿ ಉರಿಯುತ್ತದೆ ಅನ್ನೋ ಲೆಕ್ಕದ ಮೇಲೆ ನಿಂತಿದೆ. ಅಲ್ಲಿಗೆ ನಾನು ತಂದ ಎಲ್‌ಇಡಿ ಪಟ್ಟಿ ಇಟ್ಟರೆ ಬೆಳಕು ಮಿಲಿಮೀಟರ್ ಆಚೀಚೆ ಆಗಿ ತೆಂಗಿನ ಗರಿಗೆ ಹೋಗುತ್ತದೆ. ಎಲ್‌ಇಡಿಗೆ ಅಂತಲೇ ಮಾಡಿದ ಲ್ಯಾಂಪುಗಳು ಹೊಸ ಗಾಡಿಗಳಲ್ಲಿ ಚೆನ್ನಾಗಿಯೇ ಇವೆ, ಅದು ಬೇರೆ ಮಾತು.

ಕೆಲಸ ಮುಗಿಯಿತು ಅಂದುಕೊಂಡೆ. ಭಾಯ್ ಲ್ಯಾಂಪಿನ ಮೇಲೆ ಉಗುರಿನಲ್ಲಿ ಟಕ್ ಟಕ್ ಬಡಿದು, "ಇದು ಗಾಜಲ್ಲ, ಪ್ಲಾಸ್ಟಿಕ್ಕು. ಮೋತಿಬಿಂದು ಬಂದಿದೆ, ಕಣ್ಣಿಗೆ ಪೊರೆ ಬಂದ ಹಾಗೆ. ನೀವೇ ಉಜ್ಜಿ" ಅಂದರು.

ಭಾನುವಾರ ಬೆಳಗ್ಗೆ ಉಜ್ಜಿದೆ. ಬಿಸಿಲಿಗೆ ಹಳದಿಯಾದ ಪ್ಲಾಸ್ಟಿಕ್ಕಿಗೆ ಟೂತ್‌ಪೇಸ್ಟ್ ಹಚ್ಚಿ ಅಂತ ಬಹಳ ಜನ ಹೇಳುತ್ತಾರೆ. ಮಾಡಿ ನೋಡಿದ್ದೆ, ಎರಡು ವಾರ ಮಿಂಚಿ ಮತ್ತೆ ಹಾಗೇ ಆಗಿತ್ತು. ಈ ಸಲ ಪೇಂಟ್ ಅಂಗಡಿಯಿಂದ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ ತಂದೆ, 800, 1200, 2000 ನಂಬರಿನವು; ನಂಬರು ಏರಿದಷ್ಟೂ ನಯ. ಸುತ್ತ ಗಾಡಿಯ ಬಾಡಿಯ ಮೇಲೆ ಟೇಪ್ ಅಂಟಿಸಿ, ನೀರು ಹಾಕುತ್ತಾ ಉಜ್ಜಿದೆ. ಮೊದಲ ಹತ್ತು ನಿಮಿಷ ಇಳಿಯುವ ನೀರು ಹಳದಿ, ಅರಿಶಿನ ಕದಡಿದ ಹಾಗೆ. ಲ್ಯಾಂಪು ಪೂರ್ತಿ ಮಸುಕಾಗಿ, ಹಾಳುಮಾಡಿಬಿಟ್ಟೆ ಅಂತ ಎದೆ ಧಸಕ್ಕೆಂದಿತು. ನೀರು ಬಿಳಿ ಹಾಲಿನಂತಾದ ಮೇಲೆ ಮುಂದಿನ ಪೇಪರ್. 2000 ಮುಗಿಸಿ, ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದಾಗ ಒಳಗಿನ ರಿಫ್ಲೆಕ್ಟರ್ ಕಣ್ಣು ಬಿಟ್ಟಂತೆ ಹೊಳೆಯಿತು. ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ರಕ್ಷಣೆಯ ಲೇಪ, ಹೊಡೆಯಲೇಬೇಕು. ಹಳೇ ಪದರ ಉಜ್ಜಿ ತೆಗೆದಿರುತ್ತೇವಲ್ಲ, ಬಿಸಿಲಿಗೆ ಬಿಟ್ಟರೆ ಬೇಗನೆ ಮತ್ತೆ ಹಳದಿ. ಭುಜ ಎರಡು ದಿನ ನೋಯಿತು.

ಅದೇ ಸಂಜೆ ಶಾಲೆಯ ಕಾಂಪೌಂಡ್ ಗೋಡೆಯ ಮುಂದೆ ಗಾಡಿ ನಿಲ್ಲಿಸಿದೆ. ಸಮತಟ್ಟಾದ ಜಾಗ, ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಹೆಂಡತಿ. ಗೋಡೆಯಿಂದ 25 ಅಡಿ. ಬಲ್ಬಿನ ನಡುವಿನ ಎತ್ತರ ಅಳೆದು ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದೆ. ಡಿಮ್ಮಿನ ಬೆಳಕಿನ ಮೇಲಂಚು ಆ ಗೆರೆಗಿಂತ ಮೂರು ಇಂಚು ಕೆಳಗಿರಬೇಕು, ಅಂದರೆ ನೂರಕ್ಕೆ ಒಂದರಷ್ಟು ಇಳಿಜಾರು. ನಾವು ಎಡಗಡೆ ಓಡಿಸುವವರಾದ್ದರಿಂದ ಎಡಭಾಗದಲ್ಲಿ ಮಾತ್ರ ಅಂಚು ಸ್ವಲ್ಪ ಮೇಲಕ್ಕೆ ಏರುತ್ತದೆ, ರಸ್ತೆ ಬದಿಯವರು ಕಾಣಲಿ ಅಂತ. ನನ್ನ ಗಾಡಿಯ ಬಲ ಲ್ಯಾಂಪು ಗೆರೆಗಿಂತ ಮೇಲಿತ್ತು, ಎಡದ್ದು ಕಾಲಬುಡ ನೋಡುತ್ತಿತ್ತು! ಹಿಂದಿನ ಸ್ಕ್ರೂ ತಿರುಗಿಸುತ್ತಾ ಸರಿಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಶಾಲೆಯ ವಾಚ್‌ಮನ್ ಬಂದು, ಏನು ಸಾರ್ ಸಿನಿಮಾ ತೋರಿಸ್ತಿದ್ದೀರಾ ಅಂತ ವಿಚಾರಿಸಿಕೊಂಡು ಹೋದ.

ಹಾಲಿನವರು ಆಮೇಲೆ ಏನೂ ಹೇಳಲಿಲ್ಲ. ನಾನೇ ಕೇಳಿದೆ, ಈಗ ಹೇಗೆ ಅಂತ. "ಈಗ ಬೇರೆ ಗಾಡಿಲಿ ಹೋಗ್ತೀರಾ ಸಾರ್?" ಅಂದರು.

ಅಕ್ಟೋಬರಿನಲ್ಲಿ ಮತ್ತೆ ಉಜಿರೆಗೆ ಹೊರಟೆವು, ಬೇಕೆಂದೇ ಸಂಜೆ. ಚಾರ್ಮಾಡಿಯಲ್ಲಿ ಮಂಜು ಅಲ್ಲಲ್ಲಿ ತೇಲುತ್ತಿತ್ತು. ಅದಕ್ಕೇನೂ ಮದ್ದಿಲ್ಲ, ದಟ್ಟ ಮಂಜಿನಲ್ಲಿ ಈಗಲೂ ಡಿಮ್ ಹಾಕಿ ನಿಧಾನಕ್ಕೇ ಹೋಗಬೇಕು. ಆದರೆ ಮಂಜು ಸರಿದ ಕಡೆ ತಿರುವು ಮೊದಲೇ ಕಾಣುತ್ತಿತ್ತು, ತಡೆಗೋಡೆಯ ಪಾಚಿ ಕಾಣುತ್ತಿತ್ತು. ಹೆಂಡತಿ ಕಿಟಕಿ ಏರಿಸಿಕೊಂಡು ಸೀಟಿಗೆ ಒರಗಿದ್ದಳು. ಅಣ್ಣಪ್ಪನ ಗುಡಿ ದಾಟಿದ ಮೇಲೆ, "ಈ ಸಲ ಚೆನ್ನಾಗಿ ಮಾಡಿದ್ದಾರೆ ರೀ. ರಸ್ತೆ ಅಂಚಿಗೆಲ್ಲ ಹೊಸದಾಗಿ ಬಿಳಿ ಪಟ್ಟೆ ಹೊಡೆದಿದ್ದಾರೆ" ಅಂದಳು. ನಾನೂ ಹೌದು ಅಂದುಕೊಂಡೆ.

ಮೂರನೇ ದಿನ ಹಗಲು ವಾಪಸ್ ಹತ್ತುವಾಗ ಗಾಡಿ ನಿಲ್ಲಿಸಿ ನೋಡಿದೆ. ಪಟ್ಟೆ ಅರ್ಧಕ್ಕರ್ಧ ಅಳಿಸಿಹೋಗಿತ್ತು. ಉಳಿದದ್ದರ ಮೇಲೆ ಹುಲ್ಲು ಬೆಳೆದಿತ್ತು.