ಆಂಬರ್ಲಿಗೆ ಹೋದರೆ ಟೆಲಿಫೋನ್ ಎಕ್ಸ್‌ಚೇಂಜ್ ಬಿಡಬೇಡಿ

ಹಳೇ ರೈಲು ನೋಡಲು ಇಂಗ್ಲೆಂಡಿಗೆ ಹೋಗುವವರು ಹೆಚ್ಚಾಗಿ ಉಗಿಬಂಡಿಯ ಹಿಂದೆಯೇ ಬೀಳುತ್ತಾರೆ. ನನಗೆ ಬೇಕಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜ್. ಡಯಲ್ ತಿರುಗಿಸಿದರೆ ಆ ಕಡೆ ಕಬ್ಬಿಣ, ಹಿತ್ತಾಳೆ ಕದಲಿ ಫೋನ್ ಜೋಡಿಸುತ್ತಿತ್ತಲ್ಲ, ಆ ಕಾಲದ್ದು. ವೆಸ್ಟ್ ಸಸೆಕ್ಸಿನ ಆಂಬರ್ಲಿ ಮ್ಯೂಸಿಯಂನಲ್ಲಿ ಇಂಥ ಎಕ್ಸ್‌ಚೇಂಜೂ ಇದೆ, ಎರಡು ಅಡಿ ಅಗಲದ ಹಳಿಯ ಮೇಲೆ ಓಡುವ ಪುಟ್ಟ ರೈಲೂ ಇದೆ. ಎರಡೂ ಒಂದೇ ಆವರಣದಲ್ಲಿ.

ಹೋಗುವುದು ಸುಲಭ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಒಂದೂವರೆ ಗಂಟೆ ಆಸುಪಾಸು. ಆಂಬರ್ಲಿಯಲ್ಲಿ ಇಳಿದರೆ ಮ್ಯೂಸಿಯಂ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಆಂಬರ್ಲಿ ಊರು ಮಾತ್ರ ಅಲ್ಲಿಂದ ಸುಮಾರು ಒಂದು ಮೈಲಿ ದೂರ, ಹಾಗಾಗಿ ಊರಿನ ವಿಳಾಸ ಹಿಡಿದು ಹೊರಡಬೇಡಿ. ಭಾನುವಾರ ಹಳಿ ದುರಸ್ತಿ ಇದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ, ಹಿಂದಿನ ದಿನವೇ ನೋಡಿಕೊಳ್ಳಿ. ಮ್ಯೂಸಿಯಂ ವರ್ಷವಿಡೀ, ವಾರವಿಡೀ ತೆರೆದಿರುವುದಿಲ್ಲ. ತೆರೆದಿರುವ ದಿನ ಯಾವುದು ಅಂತ ಖಚಿತ ಮಾಡಿಕೊಂಡ ಮೇಲೆಯೇ ಟಿಕೆಟ್ ತೆಗೆಯಿರಿ.

ಇದು ಹಿಂದೆ ಸುಣ್ಣದಕಲ್ಲಿನ ಗಣಿ. ಕಲ್ಲು ತೆಗೆದು ಅಲ್ಲೇ ಸುಟ್ಟು ಸುಣ್ಣ ಮಾಡುತ್ತಿದ್ದರು, ಗೂಡುಗಳು ಇನ್ನೂ ನಿಂತಿವೆ. 36 ಎಕರೆ ಜಾಗ, ಏರಿಳಿತ ಜಾಸ್ತಿ. ಒಳ್ಳೆಯ ಶೂ ಹಾಕಿಕೊಂಡು ಹೋಗಿ. ನಡೆದು ಸುಸ್ತಾದರೆ ಒಳಗೇ ಓಡಾಡುವ ಪುಟ್ಟ ರೈಲು ಇದೆ.

ಮೊದಲು ರೈಲು, ಆಮೇಲೆ ಉಳಿದದ್ದು ಅಂತ ಎಲ್ಲರೂ ಹೊರಡುತ್ತಾರೆ. ನೀವು ಉಲ್ಟಾ ಮಾಡಿ. ಬಾಗಿಲು ತೆರೆದ ಕೂಡಲೇ ಸೀದಾ ಟೆಲಿಫೋನ್ ಹಾಲ್‌ಗೆ ನಡೆಯಿರಿ. ಕನೆಕ್ಟೆಡ್ ಅರ್ತ್ ಎಂಬ ಹೆಸರಿನ ವಿಭಾಗ ಅದು. ಜನ ಸೇರಿದ ಮೇಲೆ ಮಾತಿನ ಗದ್ದಲದಲ್ಲಿ ಎಕ್ಸ್‌ಚೇಂಜಿನ ಸದ್ದು ಕೇಳಿಸುವುದಿಲ್ಲ. ಸದ್ದು ಕೇಳದಿದ್ದರೆ ಅರ್ಧ ಎಕ್ಸ್‌ಚೇಂಜ್ ನೋಡಿದಂತಾಗುವುದೇ ಇಲ್ಲ. ಯಂತ್ರಗಳನ್ನು ನೋಡಿಕೊಳ್ಳುವವರು ಸ್ವಯಂಸೇವಕರು. ಅವತ್ತು ಅವರು ಇದ್ದರೆ ಕೇಳಿ, ಸಂಕೋಚ ಬೇಡ. ಆಸಕ್ತಿಯಿಂದ ಕೇಳುವವರು ಸಿಕ್ಕರೆ ಅವರಿಗೂ ಖುಷಿ.

ಈ ಯಂತ್ರದ ಹೆಸರು ಸ್ಟ್ರೋಜರ್. ಆಲ್ಮನ್ ಸ್ಟ್ರೋಜರ್ ಅಮೆರಿಕದವರು, ವೃತ್ತಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವವರು. ಆಪರೇಟರ್ ಇಲ್ಲದೆ ಫೋನ್ ಜೋಡಿಸುವ ಈ ಉಪಾಯಕ್ಕೆ 1891ರಲ್ಲಿ ಪೇಟೆಂಟ್ ಪಡೆದರು. ಬ್ರಿಟನ್ನಿನಲ್ಲಿ ಇದು ಸಾರ್ವಜನಿಕರ ಬಳಕೆಗೆ ಬಂದದ್ದು 1912ರಲ್ಲಿ, ಎಪ್ಸಮ್ ಎಂಬ ಊರಿನಲ್ಲಿ. ಬ್ರಿಟನ್ನಿನ ಸಾರ್ವಜನಿಕ ಜಾಲದ ಕೊನೆಯ ಸ್ಟ್ರೋಜರ್ ಎಕ್ಸ್‌ಚೇಂಜ್ ಸ್ಕಾಟ್ಲೆಂಡಿನಲ್ಲಿ 1995ರಲ್ಲಿ ನಿಂತಿತು.

ಸುಮ್ನೆ ನೋಡಿ ಮುಂದೆ ಹೋಗಬೇಡಿ. ಒಂದೇ ಒಂದು ಕರೆಯನ್ನು ಶುರುವಿನಿಂದ ಕೊನೆವರೆಗೆ ಹಿಂಬಾಲಿಸಿ. ಜೊತೆಗೆ ಬಂದವರು ಡಯಲ್ ತಿರುಗಿಸಲಿ, ನೀವು ಯಂತ್ರಗಳನ್ನು ಕೂರಿಸಿರುವ ಚೌಕಟ್ಟಿನ ಎದುರು ನಿಲ್ಲಿ. ಅವರು ರಿಸೀವರ್ ಎತ್ತಿದ ತಕ್ಷಣ ಒಂದು ಟಕ್ ಕೇಳುತ್ತದೆ. ಅವರ ಕಿವಿಗೆ ಗುರ್ರ್ ಎನ್ನುವ ಡಯಲ್ ಟೋನ್ ಬರುತ್ತದೆ. ಈಗ 246 ಅಂತ ತಿರುಗಿಸುತ್ತಾರೆ ಅಂದುಕೊಳ್ಳಿ. ಬೆರಳಿನಿಂದ ತಿರುಗಿಸುವಾಗ ಏನೂ ಆಗುವುದಿಲ್ಲ, ಬಿಟ್ಟ ಮೇಲೆ ಡಯಲ್ ವಾಪಸ್ ಬರುತ್ತದಲ್ಲ, ಆಗಲೇ ತಂತಿಯಲ್ಲಿ ವಿದ್ಯುತ್ತಿನ ಮಿಡಿತಗಳು ಹೋಗುವುದು. ಸೆಕೆಂಡಿಗೆ ಸುಮಾರು ಹತ್ತು. 2 ಬಂದಾಗ ಒಂದು ಸೆಲೆಕ್ಟರ್, ಅಂದರೆ ಲೈನು ಆರಿಸುವ ಯಂತ್ರಭಾಗ, ಎರಡು ಮೆಟ್ಟಿಲು ಮೇಲೇರುತ್ತದೆ. ನಂತರ ಯಾರೂ ಹೇಳದೆ ತಾನೇ ಪಕ್ಕಕ್ಕೆ ತಿರುಗುತ್ತಾ ಖಾಲಿ ಇರುವ ದಾರಿ ಹುಡುಕುತ್ತದೆ. 4ಕ್ಕೆ ಮುಂದಿನ ಸೆಲೆಕ್ಟರ್ ನಾಲ್ಕು ಮೆಟ್ಟಿಲು ಏರುತ್ತದೆ, 6ಕ್ಕೆ ಅದೇ ಸೆಲೆಕ್ಟರ್ ಆರು ಹೆಜ್ಜೆ ಪಕ್ಕಕ್ಕೆ. ಮೇಲೆ ಹತ್ತು, ಪಕ್ಕಕ್ಕೆ ಹತ್ತು, ಒಟ್ಟು ನೂರು ಲೈನು. ಸೊನ್ನೆ ತಿರುಗಿಸಿದರೆ ಹತ್ತು ಮೆಟ್ಟಿಲು. ಇಷ್ಟು ತಿಳಿದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕಣ್ಣು ಮುಚ್ಚಿ ಸದ್ದಿನಲ್ಲೇ ಅಂಕಿ ಎಣಿಸಬಹುದು. ನನಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ.

ರಿಸೀವರ್ ಇಟ್ಟ ಮೇಲೂ ಅಲ್ಲೇ ನಿಂತಿರಿ. ಸೆಲೆಕ್ಟರ್ ತನ್ನ ಜಾಗಕ್ಕೆ ಮರಳುವುದನ್ನು ನೋಡಬೇಕು. ಹಳೆಯ ಮಾದರಿಯದು ಬಂದ ದಾರಿಯಲ್ಲೇ ಹಿಂದಿರುಗಿ ಬೀಳುತ್ತದೆ. ನಂತರ ಬಂದ ‘2000 ಟೈಪ್’ ಎಂಬ ಮಾದರಿ ಮುಂದಕ್ಕೇ ತಿರುಗಿ, ಕೊನೆ ದಾಟಿ, ಕೆಳಗೆ ಬಿದ್ದು, ಆಮೇಲೆ ಹಿಂದಕ್ಕೆ ಬರುತ್ತದೆ. ನಿಮ್ಮ ಎದುರಿಗಿರುವುದು ಯಾವುದು ಅಂತ ಸ್ವಯಂಸೇವಕರನ್ನು ಕೇಳಿ. ಇಂಥ ಪ್ರಶ್ನೆ ಕೇಳಿದರೆ ಮಾತು ಬೆಳೆಯುತ್ತದೆ. ಯಾವುದನ್ನೂ ಕೇಳದೆ ಮುಟ್ಟಬೇಡಿ. ಸೆಲೆಕ್ಟರಿನ ತುದಿಗಳು ತುಂಬ ನಾಜೂಕು, ಸ್ವಲ್ಪ ಬಾಗಿದರೂ ಕರೆ ತಪ್ಪು ಕಡೆ ಹೋಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ.

ಫೋಟೋಗಿಂತ ವಿಡಿಯೋ ತೆಗೆಯಿರಿ. ಫೋನನ್ನು ಅಲುಗಿಸದೆ ಒಂದೇ ಸೆಲೆಕ್ಟರ್ ಕಡೆ ಹಿಡಿಯಿರಿ, ಮಾತಾಡಬೇಡಿ.

ಇದಾದ ಮೇಲೆ ರೈಲು ಹತ್ತಿ. ಬ್ರಾಕಮ್ ಎಂಬಲ್ಲಿದ್ದ ರೈಲು ಮ್ಯೂಸಿಯಂನ ಎಂಜಿನ್‌ಗಳು ಇಲ್ಲಿಗೆ ಬಂದಿವೆ, ಅದರ ನೆನಪಿಗೆ ಒಂದು ನಿಲ್ದಾಣಕ್ಕೆ ಅದೇ ಹೆಸರು. ಉಗಿ ಎಂಜಿನ್ ಎಲ್ಲ ದಿನ ಓಡುವುದಿಲ್ಲ, ಡೀಸೆಲ್ ಬಂದರೂ ಹತ್ತಿ. ವಿದ್ಯುತ್ತಿನ ಹಳೇ ಸಾಮಾನುಗಳ ಹಾಲ್ ಕೂಡ ಇದೆ, ಮಕ್ಕಳಿದ್ದರೆ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ. ಹಳೇ ರೈಲುಗಳನ್ನು ಉಳಿಸಿಕೊಂಡು ಪ್ರಯಾಣಿಕರನ್ನು ಒಯ್ಯುವ ಕೆಲವು ಹೆರಿಟೇಜ್ ರೈಲು ಸಂಸ್ಥೆಗಳು ಸ್ಟ್ರೋಜರ್ ಎಕ್ಸ್‌ಚೇಂಜನ್ನು ಸಿಬ್ಬಂದಿಯ ಕೆಲಸಕ್ಕೆ ನಿಜವಾಗಿ ಬಳಸುತ್ತಾ ಬಂದಿವೆ. ಹಳಿ ಪಕ್ಕದಲ್ಲೇ ತಮ್ಮದೇ ತಂತಿ, ತಮ್ಮದೇ ಎಕ್ಸ್‌ಚೇಂಜ್. ಹೊಸ ಯಂತ್ರ ಬಂದು ಹಳೆಯದನ್ನು ಕಿತ್ತು ಹಾಕುವಾಗ ಅದನ್ನು ಉಳಿಸಿಕೊಂಡವರು ಇಂಥವರೇ. ಆದರೆ ಅದು ಕೆಲಸದ ಜಾಗ, ಟಿಕೆಟ್ ಇದ್ದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ನೋಡುವ ಆಸೆ ಇದ್ದರೆ ಆ ರೈಲಿನ ಸಿಗ್ನಲ್ ಮತ್ತು ಟೆಲಿಕಾಂ ವಿಭಾಗಕ್ಕೆ ಮೊದಲೇ ಬರೆಯಿರಿ. ನೀವು ಯಾರು, ಯಾವಾಗ ಬರುತ್ತೀರಿ, ಏನು ನೋಡಬೇಕು ಅಂತ ನಾಲ್ಕು ಸಾಲು ಸಾಕು. ಅವರೂ ರಜೆಯ ದಿನ ಬಂದು ದುಡಿಯುವವರು, ಉತ್ತರ ತಡವಾಗಬಹುದು. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಬರೆದುಬಿಡಿ.